ಹಳೆಯ ಕಾರಿನಲ್ಲಿ ಮೊದಲು ಸೋಲುವುದು ರಬ್ಬರ್

ಹಳೆಯ ಕಾರುಗಳು ಎಂಜಿನ್ ಕೆಟ್ಟು ಗುಜರಿ ಸೇರುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ನಾನು ಕಂಡಂತೆ ಹಾಗೆ ಹೋದವು ಕಡಿಮೆ. ಕೆಲವು ನೂರು ರೂಪಾಯಿಯ ರಬ್ಬರ್ ಸಾಮಾನನ್ನು ಹೊತ್ತಿಗೆ ಸರಿಯಾಗಿ ಬದಲಿಸದೆ, ಅದರಿಂದ ಕೆಲವು ಸಾವಿರದ ಕೆಲಸ ಬಂದು, ಅದನ್ನೂ ಮುಂದೂಡಿ, ಕೊನೆಗೆ ‘ಇದಕ್ಕೆ ಇನ್ನು ದುಡ್ಡು ಸುರಿಯುವುದು ದಂಡ’ ಎಂಬ ತೀರ್ಮಾನಕ್ಕೆ ಬಲಿಯಾದವೇ ಹೆಚ್ಚು. ಈಚೆಗೆ ಚಿಕ್ಕಮಗಳೂರಿನ ನಮ್ಮ ಬೀದಿಯಲ್ಲೇ ಒಬ್ಬರು ತಮ್ಮ ಮಾರುತಿ ಎಸ್ಟೀಮನ್ನು ತೂಕದ ಲೆಕ್ಕದಲ್ಲಿ ಕೊಟ್ಟುಬಿಟ್ಟರು. ಎಂಜಿನ್ ಒಂದೇ ಸೆಲ್ಫ್ ಸ್ಟಾರ್ಟಿಗೆ ಹೊತ್ತಿಕೊಳ್ಳುತ್ತಿತ್ತು, ಗೇರ್‌ಬಾಕ್ಸ್ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಅದನ್ನು ಲಾರಿಗೆ ಏರಿಸಿದ್ದನ್ನು ಕಂಡು ಹೊಟ್ಟೆ ಉರಿಯಿತು. ಅದೇ ಬಗೆಯ 2001ರ ಕಾರನ್ನು ದಿನಬಳಕೆಗೆ ಇಟ್ಟುಕೊಂಡಿರುವ ನಾನು ನನಗೆ ತಿಳಿದಷ್ಟನ್ನು ಬರೆದಿಡಬೇಕು ಎನಿಸಿದ್ದು ಆಗಲೇ.

ಎಸ್ಟೀಮ್ ನೋಡದ ತಲೆಮಾರು ಈಗ ಕಾರು ಓಡಿಸುತ್ತಿರುವುದರಿಂದ ಎರಡು ಮಾತು. 1990ರಲ್ಲಿ ಮಾರುತಿ 1000 ಬಂದಾಗ ಅದು ದೊಡ್ಡವರ ಕಾರು. ಆದರೆ ಅದರ 970 ಸಿಸಿ ಎಂಜಿನ್ ನಮ್ಮ ಏರುಗಳಲ್ಲಿ ಏದುಸಿರು ಬಿಡುತ್ತಿತ್ತು. 1994ರಲ್ಲಿ ಅದೇ ಮೈಕಟ್ಟಿಗೆ 1298 ಸಿಸಿ ಎಂಜಿನ್ ಕೂರಿಸಿದಾಗ ಎಸ್ಟೀಮ್ ಆಯಿತು. 1999ರಲ್ಲಿ ಕಾರ್ಬುರೇಟರ್ ಹೋಗಿ, 16 ವಾಲ್ವಿನ, ಇಂಧನವನ್ನು ಇಂಜೆಕ್ಟರ್‌ಗಳಿಂದ ಚಿಮ್ಮಿಸುವ ಎಂಪಿಎಫ್ಐ ಎಂಜಿನ್ ಬಂತು, 85 ಅಶ್ವಶಕ್ತಿ. ಕಾರಿನ ತೂಕವೋ 900 ಕೆ.ಜಿ.ಯ ಒಳಗೆ. ಇಂದಿನ ಎಷ್ಟೋ ಸಣ್ಣ ಕಾರುಗಳೂ ಇದಕ್ಕಿಂತ ಭಾರವಾಗಿವೆ. ಕೈಮರ ದಾಟಿ ಗಿರಿಯ ಕಡೆ ಏರುವಾಗ ಮೂರನೇ ಗೇರಿನಲ್ಲಿ ಅದು ಎಳೆಯುವ ರೀತಿಯನ್ನು ಅನುಭವಿಸಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇರುವುದರಿಂದ, ಅಂದರೆ ಒಂದೊಂದು ಚಕ್ರವೂ ತನ್ನಷ್ಟಕ್ಕೆ ಏರಿಳಿಯುವುದರಿಂದ, ಆಲ್ದೂರು ರಸ್ತೆಯ ತಿರುವುಗಳಲ್ಲಿ ಹಿಂಬದಿ ಜಾರುವುದಿಲ್ಲ, ಎಗರುವುದಿಲ್ಲ. 2007ರ ಕೊನೆಯ ಹೊತ್ತಿಗೆ ತಯಾರಿಕೆ ನಿಂತಿತು. ಮರುವರ್ಷ ಅದರ ಜಾಗಕ್ಕೆ ಡಿಜೈರ್ ಬಂತು.

ತಯಾರಿಕೆ ನಿಂತ ಕಾರು ಎಂದೊಡನೆ ಜನ ‘ಎಂಜಿನ್ ಸಾಮಾನು ಎಲ್ಲಿ ಸಿಗುತ್ತದೆ?’ ಎಂದು ಕೇಳುತ್ತಾರೆ. ಎಸ್ಟೀಮ್ ಮಟ್ಟಿಗೆ ಇದು ಅಷ್ಟು ದೊಡ್ಡ ಚಿಂತೆಯೇ ಅಲ್ಲ. ಇದೇ ಮನೆತನದ 1.3 ಲೀಟರ್ ಎಂಜಿನ್ ಜಿಪ್ಸಿಯಲ್ಲಿತ್ತು, 2005ರಲ್ಲಿ ಬಂದ ಮೊದಲ ಸ್ವಿಫ್ಟ್ ಪೆಟ್ರೋಲ್ ಕಾರಿನಲ್ಲೂ ಇತ್ತು. ಎಸ್ಟೀಮ್ ನಿಂತು ಹತ್ತು ವರ್ಷ ಕಳೆದ ಮೇಲೂ ಜಿಪ್ಸಿ ತಯಾರಾಗುತ್ತಿತ್ತು. ಎಲ್ಲ ಭಾಗಗಳೂ ಒಂದಕ್ಕೊಂದು ಹೊಂದುವುದಿಲ್ಲ, ಹಳೆಯದನ್ನು ಕೈಯಲ್ಲಿ ಹಿಡಿದು ಹೊಸದರ ಪಕ್ಕದಲ್ಲಿಟ್ಟು ನೋಡಿಯೇ ತರಬೇಕು. ಆದರೂ ಪಿಸ್ಟನ್ ರಿಂಗು, ಗ್ಯಾಸ್ಕೆಟ್, ವಾಟರ್ ಪಂಪ್ ಎಂದು ನಾನು ಪರದಾಡಿಲ್ಲ. ಇಲ್ಲಿ ಸಿಗದಿದ್ದರೆ ಹಾಸನ, ಅಲ್ಲೂ ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ.

ನಿಜವಾಗಿ ಕಾಡುವುದು ರಬ್ಬರ್. ಕಬ್ಬಿಣಕ್ಕೆ ಎಣ್ಣೆ ಕೊಟ್ಟರೆ ಅದು ಬದುಕಿಕೊಳ್ಳುತ್ತದೆ. ರಬ್ಬರ್ ಹಾಗಲ್ಲ, ಓಡಿದರೂ ಸವೆಯುತ್ತದೆ, ನಿಂತರೂ ಸಾಯುತ್ತದೆ. ಎಂಜಿನ್ನಿನ ಬಿಸಿ, ಗಾಳಿಯ ಆಮ್ಲಜನಕ ಎರಡೂ ಸೇರಿ ಅದನ್ನು ಮೊದಲು ಗಡುಸಾಗಿಸುತ್ತವೆ, ಆಮೇಲೆ ಬಿರಿಯಿಸುತ್ತವೆ. ಮೇಲೆ ಬಿದ್ದ ಆಯಿಲ್ ಅದನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಟೈಮಿಂಗ್ ಬೆಲ್ಟ್, ರೇಡಿಯೇಟರ್ ಹೋಸ್, ಎಂಜಿನ್ ಮೌಂಟಿಂಗ್, ಲೋವರ್ ಆರ್ಮ್ ಬುಷ್, ಬ್ರೇಕ್ ಹೋಸ್, ಪೆಟ್ರೋಲ್ ಪೈಪು, ಬಾಗಿಲಿನ ಬೀಡಿಂಗ್, ಎಲ್ಲಕ್ಕೂ ಇದೇ ಗತಿ. ‘ಬೆಲ್ಟ್ ಹಾಕಿಸಿ ಇನ್ನೂ ಅಷ್ಟು ಕಿಲೋಮೀಟರ್ ಆಗಿಲ್ಲ’ ಎಂಬ ಮಾತು ಹಳೆಯ ಕಾರಿಗೆ ಒಪ್ಪುವುದಿಲ್ಲ. ಕಡಿಮೆ ಓಡುವ ಕಾರಿನಲ್ಲಿ ಕಿಲೋಮೀಟರಿಗಿಂತ ಮೊದಲು ವರ್ಷವನ್ನು ಎಣಿಸಬೇಕು. ಟೈರಿನದೂ ಅದೇ ಕಥೆ: ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ, 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹಲ್ಲು ಎಷ್ಟೇ ಆಳವಿರಲಿ, ನಾನು ಮೊದಲು ನೋಡುವುದು ಆ ಅಂಕಿಗಳನ್ನು.

ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಆಕ್ಸಲ್ಲಿನ ಕೀಲಿಗೆ ತೊಡಿಸಿದ ರಬ್ಬರ್ ಬೂಟ್ ಒಂದನ್ನೇ ತೆಗೆದುಕೊಳ್ಳಿ. ಮಡಿಕೆ ಮಡಿಕೆಯಾಗಿ ಇರುವ ಕಪ್ಪು ಚೀಲ ಅದು. ಒಳಗೆ ಗ್ರೀಸ್ ತುಂಬಿರುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣಿಸುವುದಿಲ್ಲ. ನಮ್ಮ ಮೇಸ್ತ್ರಿ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಲು ಹೇಳಿ, ಕೆಳಗಿನಿಂದ ಒಂದೊಂದೇ ಮಡಿಕೆಯನ್ನು ಹೆಬ್ಬೆರಳಿನಿಂದ ಬಿಡಿಸುತ್ತಾರೆ. ಮಡಿಕೆಯ ತಳದಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೆ ಅಲ್ಲಿ ಗ್ರೀಸ್ ತೆಳ್ಳಗೆ ಒಸರಿ ಮಣ್ಣು ಅಂಟಿರುತ್ತದೆ. ‘ಮೇಡಂ, ಇದು ಈ ಮಳೆಗಾಲ ದಾಟುವುದಿಲ್ಲ’ ಎಂದು ಅವರು ಹೇಳಿದರೆ ಅಲ್ಲಿಗೆ ಮುಗಿಯಿತು, ಆಗಲೇ ಬದಲಿಸುತ್ತೇವೆ. ಬಿಟ್ಟರೆ ತೋಟದ ದಾರಿಯ ಕೆಸರುನೀರು ಒಳಗೆ ಹೋಗುತ್ತದೆ, ಗ್ರೀಸ್ ಹೊರಗೆ ಬರುತ್ತದೆ, ಮರಳು ಸೇರಿ ಒಳಗಿನ ಉಕ್ಕಿನ ಗುಂಡುಗಳನ್ನು ತೇಯುತ್ತದೆ. ತಿರುವಿನಲ್ಲಿ ಕಟಕಟ ಸದ್ದು ಕೇಳಿದಾಗ ಬೂಟ್ ಬದಲಿಸಿ ಫಲವಿಲ್ಲ, ಕೀಲು ಹೋಗಿರುತ್ತದೆ. ರಬ್ಬರಿನ ಬೆಲೆಗೆ ಹಿಂಜರಿದವರು ಆಗ ಆಕ್ಸಲ್ಲಿನ ಬೆಲೆ ತೆರುತ್ತಾರೆ.

ಅಂಗಡಿಯಲ್ಲಿ ಕೊಳ್ಳುವಾಗಲೂ ಎಚ್ಚರ ಬೇಕು. ತಯಾರಿಕೆ ನಿಂತ ಕಾರಿನ ‘ಹೊಸ’ ರಬ್ಬರ್ ಸಾಮಾನು ಕಪಾಟಿನಲ್ಲಿ ವರ್ಷಗಟ್ಟಲೆ ಕೂತದ್ದಾಗಿರಬಹುದು. ಪೊಟ್ಟಣ ಮಾಸಿದ್ದರೆ ತೆರೆಸಿ, ಮಡಿಸಿ, ಬೆಳಕಿಗೆ ಹಿಡಿದು ನೋಡುತ್ತೇನೆ. ಅಂಗಡಿಯವರಿಗೆ ಕಿರಿಕಿರಿಯಾದರೂ ಆಗಲಿ.

ಇನ್ನೊಂದು ವಿಷಯದಲ್ಲಿ ನಾನು ಜಗಳಕ್ಕೇ ನಿಲ್ಲುತ್ತೇನೆ: ಥರ್ಮೋಸ್ಟಾಟ್. ಹಳೆಯ ಕಾರು ಸ್ವಲ್ಪ ಬಿಸಿಯಾಯಿತು ಎಂದರೆ ಎಷ್ಟೋ ಕಡೆ ಮೊದಲು ಮಾಡುವ ಕೆಲಸ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು. ‘ನಮ್ಮ ಊರಿಗೆ ಇದು ಬೇಡ’ ಎನ್ನುತ್ತಾರೆ. ಸಾವಿರ ಮೀಟರ್ ಎತ್ತರದಲ್ಲಿರುವ ಚಿಕ್ಕಮಗಳೂರಿಗೆ ಬೇಡವಾದರೆ ಮತ್ತೆ ಯಾವ ಊರಿಗೆ ಬೇಕು? ಎಂಜಿನ್ ತಣ್ಣಗಿರುವವರೆಗೆ ನೀರನ್ನು ರೇಡಿಯೇಟರ್‌ಗೆ ಹೋಗಗೊಡದೆ ತಡೆದು, ಬೇಗ ಬಿಸಿಯೇರಲು ಬಿಡುವುದೇ ಅದರ ಕೆಲಸ. ಕಿತ್ತರೆ ಡಿಸೆಂಬರ್ ಬೆಳಗ್ಗೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡ ಇಂಜೆಕ್ಷನ್ ವ್ಯವಸ್ಥೆ ಪೆಟ್ರೋಲನ್ನು ಹೆಚ್ಚು ಸುರಿಯುತ್ತಲೇ ಇರುತ್ತದೆ. ಮೈಲೇಜ್ ಬೀಳುತ್ತದೆ, ಪ್ಲಗ್ ಕರಿ ಹಿಡಿಯುತ್ತದೆ, ಆಯಿಲ್ ಬೇಗ ಹಾಳಾಗುತ್ತದೆ. ಮತ್ತೆ ಆ ಬಿಸಿಯ ಮೂಲ ಕಾರಣ, ಅಂದರೆ ಕಟ್ಟಿಕೊಂಡ ರೇಡಿಯೇಟರ್ರೋ ತಿರುಗದ ಫ್ಯಾನೋ, ಹಾಗೆಯೇ ಉಳಿದಿರುತ್ತದೆ. ಥರ್ಮೋಸ್ಟಾಟ್ ಸರಿಯಿದೆಯೇ ಎಂದು ನೋಡಲು ಗ್ಯಾರೇಜೇ ಬೇಕಿಲ್ಲ. ನಾನು ಅದನ್ನು ದಾರಕ್ಕೆ ಕಟ್ಟಿ, ಬಳಸದ ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು, ಒಲೆಯ ಮೇಲಿಡುತ್ತೇನೆ. ಜೊತೆಗೊಂದು ಥರ್ಮಾಮೀಟರ್. ತಳದಲ್ಲಿ ಗುಳ್ಳೆ ಏಳುವವರೆಗೂ ಅದು ಬಿಗಿಯಾಗಿ ಮುಚ್ಚಿಯೇ ಇರುತ್ತದೆ. ನೀರು 80 ಡಿಗ್ರಿ ದಾಟಿ, ಒಳಗಿನ ಮೇಣ ಕರಗಿ ಹಿಗ್ಗಿದಾಗ ಹಿತ್ತಾಳೆಯ ತಟ್ಟೆ ಮೆಲ್ಲಗೆ ಅಂಚು ಬಿಟ್ಟು ಮೇಲೇಳುತ್ತದೆ. ನೀರು ಕುದಿದರೂ ಏಳದಿದ್ದರೆ ಹೊಸದು ತರಬೇಕು. ಅಷ್ಟೇ.

ಬ್ರೇಕ್ ಆಯಿಲ್ ಬಗ್ಗೆಯೂ ಇಷ್ಟೇ ಕಟ್ಟುನಿಟ್ಟು. ಅದು ಗಾಳಿಯಿಂದ ತೇವ ಹೀರುವ ವಸ್ತು, ನಮ್ಮದೋ ತಿಂಗಳುಗಟ್ಟಲೆ ತೇವ ತುಂಬಿದ ಸೀಮೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ರ ಆಸುಪಾಸಿಗೆ ಇಳಿಯುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟು ಬಂದರೆ ಅಷ್ಟು ಬಿಸಿ ಏರುವುದು ದೊಡ್ಡ ಮಾತಲ್ಲ. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ, ಎಂಜಿನ್ನೇ ಕಾರನ್ನು ಹಿಡಿಯಲಿ.

ರಬ್ಬರಿನ ನಂತರ ತುಕ್ಕು. ಈ ಊರಿನಲ್ಲಿ ತುಕ್ಕು ಶುರುವಾಗುವುದು ಎಲೆಯಿಂದ ಎಂದರೆ ಬಯಲುಸೀಮೆಯವರು ನಂಬುವುದಿಲ್ಲ. ಸಿಲ್ವರ್ ಓಕ್ ಮರದ ಕೆಳಗೆ ನಿಂತ ಕಾರಿನ ವೈಪರ್ ಬುಡದ ಜಾಲರಿಯೊಳಗೆ ಎಲೆ ಇಳಿದು, ಕೊಳೆತು, ನೀರು ಹರಿಯುವ ದಾರಿಯನ್ನು ಕಟ್ಟುತ್ತದೆ. ಆಮೇಲೆ ಆ ನೀರು ಕಾಲಡಿಯ ಮ್ಯಾಟಿನ ಕೆಳಗೆ ಸೇರಿ ನೆಲದ ತಗಡನ್ನು ಒಳಗಿನಿಂದ ತಿನ್ನುತ್ತದೆ. ಬಾಗಿಲುಗಳ ತಳದಲ್ಲೂ ನೀರು ಇಳಿದುಹೋಗಲೆಂದು ಸಣ್ಣ ತೂತುಗಳಿವೆ. ಮೇ ತಿಂಗಳಲ್ಲಿ ಪೊರಕೆಕಡ್ಡಿ ಹಿಡಿದು ಕುಳಿತು ಒಂದೊಂದನ್ನೂ ಬಿಡಿಸಿದರೆ ಕೆಂಪು ಹುಡಿ ಉದುರುತ್ತದೆ. ಒಂದು ಚೊಂಬು ನೀರು ಹಾಕಿ ಅದು ಸರಾಗವಾಗಿ ಇಳಿಯುವುದನ್ನು ನೋಡಿಯೇ ಏಳಬೇಕು. ಇದನ್ನು ಮಾಡದೆ, ಇದ್ದ ತುಕ್ಕಿನ ಮೇಲೇ ಕಪ್ಪು ಕೋಟಿಂಗ್ ಬಳಿಸುವುದು ತೇವವನ್ನು ಒಳಗೇ ಕೂಡಿಹಾಕಿದಂತೆ. ಮೊದಲು ಕೆರೆಯಿಸಿ, ಒಣಗಿಸಿ, ಪ್ರೈಮರ್ ಹೊಡೆಸಿ. ಕೋಟಿಂಗ್ ಆಮೇಲಿನ ಮಾತು.

ಇವೆಲ್ಲವನ್ನೂ ನಾನು ಕಲಿತದ್ದು ಮೇಸ್ತ್ರಿಯ ಪಕ್ಕದಲ್ಲಿ ನಿಂತು. ಅವರು ಬಾನೆಟ್ ಎತ್ತುವ ಮೊದಲು ಕಾರಿನ ಸುತ್ತ ಒಂದು ಸುತ್ತು ಹಾಕಿ, ಎಂಜಿನ್ ಓಡಲು ಬಿಟ್ಟು, ಕಿವಿಗೊಟ್ಟು ಕೇಳುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಹಚ್ಚಿ, ಬೇರಿಂಗ್ ಇನ್ನೆಷ್ಟು ದಿನ ಬಂದೀತು ಎಂದು ಹೇಳುತ್ತಾರೆ. ದೊಡ್ಡ ಸರ್ವಿಸ್ ಕೇಂದ್ರವೊಂದರಲ್ಲಿ ‘ಇಡೀ ಅಸೆಂಬ್ಲಿ ಬದಲಿಸಬೇಕು, ಸ್ಟಾಕ್ ಇಲ್ಲ’ ಎಂಬ ಉತ್ತರ ಬಂದ ಅದೇ ಆಲ್ಟರ್ನೇಟರನ್ನು ಇವರು ಬಿಚ್ಚಿ, ಬೇರಿಂಗ್ ಮತ್ತು ಕಾರ್ಬನ್ ಬ್ರಷ್ ಹಾಕಿ, ಸಂಜೆಗೆ ಮರಳಿ ಕೂರಿಸಿದರು. ಇಂಥವರ ಮಜೂರಿಗೆ ಜನ ಚೌಕಾಸಿ ಮಾಡುವುದನ್ನು ಕಂಡಾಗ ನನಗೆ ತಡೆಯಲಾಗುವುದಿಲ್ಲ. ಸಾಮಾನಿನ ಬಿಲ್ಲಿನಲ್ಲಿ ಬರೆದದ್ದನ್ನು ತುಟಿ ಬಿಚ್ಚದೆ ಕೊಡುತ್ತಾರೆ. ನಲವತ್ತು ವರ್ಷದ ವಿದ್ಯೆಗೆ ನೂರು ರೂಪಾಯಿ ಕಡಿಮೆ ಮಾಡಿ ಎನ್ನುತ್ತಾರೆ. ಅವರ ಗ್ಯಾರೇಜಿನಲ್ಲಿ ಈಗ ಕಲಿಯುವ ಹುಡುಗರೂ ಇಲ್ಲ. ಮಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ನನ್ನ ಕಾರಿಗಿಂತ ಈ ವಿದ್ಯೆಯ ಚಿಂತೆಯೇ ನನಗೆ ದೊಡ್ಡದು.

ಈಗ ನಿಯಮಗಳ ಮಾತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ತಪಾಸಣೆಯ ನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನ ಕೇಂದ್ರದ ಅಧಿಸೂಚನೆಯಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಎಂದು ನಿಗದಿಯಾಯಿತು. ಹೊಗೆ ಉಗುಳುವ, ಬ್ರೇಕ್ ಹಿಡಿಯದ ಕಾರು ರಸ್ತೆಯಲ್ಲಿರಬಾರದು ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ತಪಾಸಣೆಯನ್ನು ಇನ್ನಷ್ಟು ಬಿಗಿ ಮಾಡಲಿ, ಅಡಿಯ ತಗಡನ್ನು ಸುತ್ತಿಗೆಯಿಂದ ತಟ್ಟಿ ನೋಡಲಿ. ಆದರೆ ತಪಾಸಣೆಯಲ್ಲಿ ಗೆದ್ದ ಕಾರಿಗೂ ಹುಟ್ಟಿದ ವರ್ಷವನ್ನು ಮಾತ್ರ ನೋಡಿ ಶುಲ್ಕ ಏರಿಸುವುದು ನ್ಯಾಯವಲ್ಲ. ಚೆನ್ನಾಗಿ ನೋಡಿಕೊಂಡವರಿಗೂ ನೋಡಿಕೊಳ್ಳದವರಿಗೂ ಒಂದೇ ದಂಡ.

ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್ ವಿಷಯವೂ ಕೊನೆಗೆ ರಬ್ಬರಿಗೇ ಬಂದು ನಿಲ್ಲುತ್ತದೆ. ಹಳೆಯ ಕೆಲವು ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದು ದುಬಾರಿಯಲ್ಲ ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಭಾಗ ಸಿಗುವಂತಿದ್ದರೆ ದುಬಾರಿಯಲ್ಲ, ನಿಜ. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿದಾಗ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತ್ತು. ತಯಾರಿಕೆ ನಿಂತ ಮಾದರಿಯ ಬೂಟ್, ಹೋಸ್, ಸೀಲುಗಳ ಅಳತೆಯನ್ನಾದರೂ ಕಂಪನಿಗಳು ಬಹಿರಂಗಪಡಿಸಬೇಕು ಎಂಬ ಕಾನೂನು ಬರಲಿ. ಅಳತೆ ಸಿಕ್ಕರೆ ಮಾಡಿಕೊಡುವ ಸಣ್ಣ ಕಾರ್ಖಾನೆಗಳು ನಮ್ಮಲ್ಲಿವೆ. ಅಲ್ಲಿಯವರೆಗೆ ನಾನು ಟ್ಯಾಂಕಿನಿಂದ ಇಂಜೆಕ್ಟರ್‌ವರೆಗಿನ ಪೈಪುಗಳನ್ನು ಎಥನಾಲ್ ತಡೆಯುವ ಬಗೆಯವಕ್ಕೆ ಬದಲಿಸಿಕೊಂಡಿದ್ದೇನೆ. ಹಳೆಯ ಕಾರು ಇರುವವರೆಲ್ಲ ಮೊದಲು ಈ ಕೆಲಸ ಮಾಡಿಸಿ. ಪೆಟ್ರೋಲ್ ಸೋರಿಕೆ ಎಂದರೆ ಬೆಂಕಿಯ ಭಯ.

ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ. ಈ ಕೊರತೆಯನ್ನು ಯಾವ ಮೇಸ್ತ್ರಿಯೂ ತುಂಬಲಾರ. ಅದಕ್ಕಾಗಿಯೇ ಬೆಂಗಳೂರಿಗೆ ಹೋಗುವುದಿದ್ದರೆ ಬಸ್ ಹತ್ತುತ್ತೇನೆ. ಊರೊಳಗೆ, ಬೇಲೂರು–ಮೂಡಿಗೆರೆ ಕಡೆಗೆ, ನಿಧಾನದ ದಾರಿಗಳಿಗೆ ಎಸ್ಟೀಮ್.

ಕೊನೆಗೆ ಒಂದು ಕೋರಿಕೆ. ಕಡೂರು, ಬೇಲೂರು, ಹಾಸನ, ಸಕಲೇಶಪುರದ ಕಡೆ ಯಾರದಾದರೂ ಶೆಡ್ಡಿನಲ್ಲಿ ಎಸ್ಟೀಮ್ ನಿಂತಿದ್ದರೆ, ಗುಜರಿಗೆ ಕೊಡುವ ಮೊದಲು ಈ ಬರಹದ ಕೆಳಗೆ ಒಂದು ಮಾತು ಬರೆಯಿರಿ. ನನಗೆ ಬೇಕಾಗಿರುವುದು ಎಡಬದಿಯ ಹಿಂದೀಪ, ಚಾಲಕರ ಬಾಗಿಲಿನ ಗಾಜು ಏರಿಸುವ ವೈಂಡರ್, ಹಿಂಬಾಗಿಲಿನ ಹೊರಹಿಡಿ. ಹಿಡಿಯ ಬಣ್ಣ ಯಾವುದಾದರೂ ನಡೆಯುತ್ತದೆ. ರಬ್ಬರ್ ಸಾಮಾನು ಯಾವುದೂ ಬೇಡ. ಒಪ್ಪುವ ಬೆಲೆ ಕೊಡುತ್ತೇನೆ. ಬಿಚ್ಚಿಕೊಳ್ಳಲು ನಮ್ಮ ಮೇಸ್ತ್ರಿಯವರೇ ಬರುತ್ತಾರೆ; ಭಾನುವಾರವಾದರೆ ಅವರಿಗೂ ನನಗೂ ಅನುಕೂಲ.