ಮೂರೇ ಸ್ವರಕ್ಕೆ ಸಿಕ್ಕಿಬಿದ್ದ ಜೂಲಿಯೆಟ್

ಜೂಲಿಯೆಟ್ ಕಣ್ಣು ಬಿಟ್ಟಿದ್ದಾಳೆ. ರೋಮಿಯೋ ಹೋಗಿಬಿಟ್ಟಿದ್ದಾನೆ. ಒಂಟಿತನ ಕೊಲ್ಲುತ್ತಿದೆ ಎಂದು ಆಕೆ ಹಾಡಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ದನಿ: "ಏಯ್, ಇದು ಬ್ರಿಟ್ನಿ ಸ್ಪಿಯರ್ಸ್ ಹಾಡು!"

ಪ್ರತಿ ಪ್ರದರ್ಶನಕ್ಕೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಟಿಕೆಟ್ಟಿನ ಜತೆಗೇ ಹಂಚುತ್ತಾರೋ ಏನೋ.

'ಆ್ಯಂಡ್ ಜೂಲಿಯೆಟ್' ಎಂಬ ಈ ಸಂಗೀತ ನಾಟಕ 2019ರಲ್ಲಿ ಮ್ಯಾಂಚೆಸ್ಟರಿನಲ್ಲಿ ಶುರುವಾಗಿ, ಅದೇ ವರ್ಷ ಲಂಡನ್ನಿನ ಶಾಫ್ಟ್ಸ್‌ಬರಿ ಥಿಯೇಟರಿಗೆ, 2022ರಲ್ಲಿ ಬ್ರಾಡ್‌ವೇಗೆ ಹೋಯಿತು. ಶೇಕ್ಸ್‌ಪಿಯರನ ಹೆಂಡತಿ ಆ್ಯನ್ ಗಂಡನ ಕೈಯಿಂದ ಲೇಖನಿ ಕಿತ್ತುಕೊಂಡು, ಹುಡುಗಿ ಯಾಕೆ ಸಾಯಬೇಕು ಅಂತ ಕೇಳುವುದೇ ಕಥೆ. ಮುಂದೆ ಜೂಲಿಯೆಟ್ ಪ್ಯಾರಿಸ್ಸಿಗೆ ಹೊರಡುತ್ತಾಳೆ. ಹಾಡುಗಳೆಲ್ಲ ಸ್ವೀಡನ್ನಿನ ಮ್ಯಾಕ್ಸ್ ಮಾರ್ಟಿನ್ ಕಟ್ಟಿದ ಪಾಪ್ ಹಿಟ್‌ಗಳು. ತೊಂದರೆ ಇರುವುದು ಅಲ್ಲೇ.

ರೇಡಿಯೋ ಕೇಳುವವನು ಸ್ಟೇಷನ್ ಬದಲಿಸುವ ಮೊದಲೇ ಅವನ ಕಿವಿ ಹಿಡಿಯಬೇಕು, ಪಾಪ್ ಹಾಡನ್ನು ಕಟ್ಟುವುದೇ ಹಾಗೆ. ಜೂಲಿಯೆಟ್ ಹಾಡಹೊರಟ ಬ್ರಿಟ್ನಿಯ 'ಬೇಬಿ ಒನ್ ಮೋರ್ ಟೈಮ್' ಎಂಬ 1998ರ ಹಾಡಿಗಂತೂ ಮೂರೇ ಸ್ವರ ಸಾಕು. ರಂಗಭೂಮಿಗೆ ಬೇಕಾದದ್ದು ಇದರ ಉಲ್ಟಾ: ಮೊದಲು ದುಃಖ, ಆಮೇಲೆ ಗುರುತು. ಅದಕ್ಕೇ ಹಾಡನ್ನು ಮರೆಮಾಡುವ ಕಸರತ್ತು. ತಾಳ ಇಳಿಸುತ್ತಾರೆ, ಪರಿಚಿತ ಪೀಠಿಕೆ ಕತ್ತರಿಸುತ್ತಾರೆ, ಮೊದಲ ಸಾಲನ್ನು ಹಾಡದೆ ಮಾತಿನಂತೆ ಆಡಿಸುತ್ತಾರೆ. ಆದರೂ ನಗು ಬಂತೋ, ವಾದ್ಯದವರು ಒಂದೇ ತುಣುಕನ್ನು ತಿರುಗಾ ಮುರುಗಾ ನುಡಿಸುತ್ತಾ ಕಾಯಬೇಕು. ಇದಕ್ಕೆ ವ್ಯಾಂಪ್ ಎನ್ನುತ್ತಾರೆ. ಎರಡು ಸುತ್ತಾದರೆ ಸರಿ. ನಾಲ್ಕಾದರೆ ಜೂಲಿಯೆಟ್ ಬಸ್ಸಿಗೆ ಕಾಯುತ್ತಿರುವವಳಂತೆ ಕಾಣುತ್ತಾಳೆ.

ಇನ್ನು ನಮ್ಮ ಮಹಾಶಯ. ಅವನು ಹಾಡು ಕೇಳಲು ಬಂದವನಲ್ಲ, ಪತ್ತೆ ಹಚ್ಚಲು ಬಂದವನು. ಹಾಡಿನ ಹೆಸರು ಹೇಳಿ ಸುಮ್ಮನಾದರೆ ಅದೇ ದೊಡ್ಡ ಪುಣ್ಯ. ವರ್ಷ ಹೇಳುತ್ತಾನೆ. ತಪ್ಪು ವರ್ಷ ಹೇಳಿ ಆಮೇಲೆ ತಿದ್ದುತ್ತಾನೆ. ಪಕ್ಕದವಳು "ಅಲ್ಲ, ಅದು ಇನ್ನೊಬ್ಬಳದು" ಎಂದಳೋ, ರಂಗದ ಮೇಲಿನ ಸಂಸಾರ ಮುರಿದುಬಿದ್ದರೂ ಇವರ ವಾದ ಮುರಿಯುವುದಿಲ್ಲ. ತಿರುಗಿ ದುರುಗುಟ್ಟಿ ನೋಡಿದರೆ, ನಿಮಗೂ ಖುಷಿಯಾಗಿದೆ ಎಂದುಕೊಂಡು ತಲೆ ಆಡಿಸುತ್ತಾನೆ. ತಿನ್ನುವ ಪೊಟ್ಟಣವನ್ನು ಅವನು ಬಿಚ್ಚುವುದು ನಿಧಾನದ ಹಾಡುಗಳಲ್ಲಿ ಮಾತ್ರ. ಅದೂ ಸದ್ದಾಗಬಾರದೆಂದು ಮೆಲ್ಲಗೆ, ಒಂದು ಚರಣದುದ್ದಕ್ಕೂ.

ಹಾಗಂತ ಎಲ್ಲ ತಪ್ಪು ಅವನದೇ ಅಲ್ಲ. ಪಾಪ್ ಹಾಡಿನ ಪಲ್ಲವಿ ಮೂರು ಸಲ ಬಂದರೂ ಅದೇ ಮಾತು. ಪಾತ್ರ ಹೊರಟಲ್ಲೇ ನಿಂತಿರುತ್ತದೆ. ಹಾಡನ್ನು ಇಬ್ಬರಿಗೆ ಹಂಚಿ ಜಗಳ ಹಚ್ಚಿದರೆ ಮಾತ್ರ ಕಥೆ ಕದಲುತ್ತದೆ. 'ಐ ವಾಂಟ್ ಇಟ್ ದಟ್ ವೇ' ಎಂಬ 1999ರ ಹಾಡಿನ ಅರ್ಥ ಯಾರಿಗಾದರೂ ಆಗಿತ್ತೇ? ಇಲ್ಲಿ ಅದನ್ನು ಶೇಕ್ಸ್‌ಪಿಯರ್ ದಂಪತಿಗಳ ಬಾಯಿಗೆ ಕೊಟ್ಟಿದ್ದಾರೆ. ನಾಟಕದ ಕೊನೆ ನನಗೆ ಹೀಗೇ ಬೇಕು ಎಂದು ಅವರಿಬ್ಬರೂ ಕಿತ್ತಾಡುವಾಗ ಹಾಡಿಗೆ ಇಪ್ಪತ್ತು ವರ್ಷ ತಡವಾಗಿ ಅರ್ಥ ಬಂದಿದೆ.

ಮಧ್ಯಂತರಕ್ಕೆ ಮುಂಚೆ ಸತ್ತ ರೋಮಿಯೋ ಮರಳಿ ಬರುತ್ತಾನೆ, 'ಇಟ್ಸ್ ಮೈ ಲೈಫ್' ಹಾಡಿಗೆ. ಕಂಪನಿ ನಾಟಕದ ಕಾಲದಲ್ಲಿ 'ಒನ್ಸ್ ಮೋರ್' ಕೂಗಿದರೆ ಹೆಣ ಎದ್ದು ಹಾಡಿ ಮತ್ತೆ ಸಾಯುತ್ತಿತ್ತಂತೆ. ಈತ ಮತ್ತೆ ಸಾಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಶೇಕ್ಸ್‌ಪಿಯರನ ಮೂಲದಲ್ಲಿ ಜೂಲಿಯೆಟ್‌ಗಿನ್ನೂ 14 ತುಂಬಿಲ್ಲ. ಪಾದ್ರಿಯ ಮದ್ದು ಅವಳನ್ನು ಮಲಗಿಸುವುದು 42 ಗಂಟೆ. ವಿಷಯ ತಿಳಿಸುವ ಕಾಗದ ಹೊತ್ತವನನ್ನು ಪ್ಲೇಗಿನ ಅನುಮಾನದಿಂದ ಮನೆಯೊಳಗೆ ಕೂಡಿಹಾಕುತ್ತಾರೆ, ಕಾಗದ ರೋಮಿಯೋಗೆ ತಲುಪುವುದಿಲ್ಲ. ಅವಳು ಸತ್ತಳೆಂದೇ ನಂಬಿ ಅವನೂ ಸಾಯುತ್ತಾನೆ. ಇಂಗ್ಲಿಷ್ ರಂಗಭೂಮಿಯ ಹೆಸರಾಂತ ನಟ ಡೇವಿಡ್ ಗ್ಯಾರಿಕ್‌ಗೂ ಇದನ್ನು ತಡೆದುಕೊಳ್ಳಲು ಆಗಲಿಲ್ಲ. 1748ರಲ್ಲಿ ಆತ, ರೋಮಿಯೋ ಪ್ರಾಣ ಬಿಡುವ ಮೊದಲೇ ಅವಳನ್ನು ಎಬ್ಬಿಸಿ, ಇಬ್ಬರಿಗೂ ನಾಲ್ಕು ಮಾತಾಡಲು ಬಿಟ್ಟ. ಎಬ್ಬಿಸಬೇಕು ಅನ್ನಿಸುವುದು ಹೊಸದೇನಲ್ಲ. ಆ ನಾಲ್ಕು ಮಾತಾದರೂ ಸದ್ದಿಲ್ಲದೆ ಕೇಳಿಸಲಿ ಅನ್ನಿಸುವುದೂ.

ಕೊನೆಗೆ ದೀಪ ಹತ್ತಿ, ಎಲ್ಲರೂ ಎದ್ದು ನಿಂತು ಜತೆಗೆ ಹಾಡುವ ಹೊತ್ತು ಬರುತ್ತದೆ. ಹಿಂದಿನ ಸಾಲಿನಲ್ಲಿ ಗಪ್‌ಚುಪ್. ಮಹಾಶಯನಿಗೆ ಎರಡನೇ ಚರಣ ಬರುವುದಿಲ್ಲ.