ವಾಸನೆ ನೋಡುವ ಹುದ್ದೆ

ಮನೆಯಲ್ಲಿ ನನಗೊಂದು ಹುದ್ದೆಯಿದೆ. ನಾನು ಅರ್ಜಿ ಹಾಕಿದ್ದಲ್ಲ, ಸಂಬಳವೂ ಇಲ್ಲ. ಫ್ರಿಜ್ಜಿನಿಂದ ಯಾವ ಡಬ್ಬಿ ಹೊರಬಂದರೂ ಮುಚ್ಚಳ ತೆಗೆದು ಸೀದಾ ನನ್ನ ಮೂಗಿಗೆ ಹಿಡಿಯುತ್ತಾರೆ. "ರೀ, ಇದು ಹಳಸಿದೆಯಾ ನೋಡಿ." ಪೇಪರ್ ಓದುತ್ತಿದ್ದರೂ ವಿನಾಯಿತಿಯಿಲ್ಲ. ಈ ಬೆಳಿಗ್ಗೆಯ ಸರದಿ ಸೌತೆಕಾಯಿ ಮೊಸರುಬಜ್ಜಿಯದು.

ಮೇಲೆ ನೀರು ನಿಂತಿತ್ತು. ಅದಕ್ಕೆ ಗಾಬರಿ ಬೇಡ, ಉಪ್ಪು ಬಿದ್ದ ಸೌತೆಕಾಯಿ ನೀರು ಬಿಟ್ಟೇ ಬಿಡುತ್ತದೆ. ಸಣ್ಣ ಗುಳ್ಳೆ ಎದ್ದಿದ್ದರೆ, ಚಮಚ ಎತ್ತಿದಾಗ ಲೋಳೆ ಎಳೆ ಬಂದರೆ, ಅಂಚಿನಲ್ಲಿ ಬೂಷ್ಟು ಕಂಡರೆ ನನ್ನ ಮೂಗು ಯಾಕೆ ಬೇಕು? ಬೂಷ್ಟನ್ನಷ್ಟೇ ಚಮಚದಲ್ಲಿ ಎತ್ತಿ ಹಾಕಿ ಉಳಿದದ್ದನ್ನು ಬಡಿಸುವವರಿದ್ದಾರೆ. ಅವರ ಮನೆಯಲ್ಲಿ ನಾನು ಕಾಫಿ ಮಾತ್ರ ಕುಡಿಯುತ್ತೇನೆ.

ಕಾಯಿ ಚಟ್ನಿಯದು ಇನ್ನೂ ಅವಸರದ ಸ್ವಭಾವ. ನಮ್ಮ ಸೋದರತ್ತೆ ಒಮ್ಮೆ ಏಪ್ರಿಲ್ ಬಿಸಿಲಲ್ಲಿ ಧರ್ಮಸ್ಥಳಕ್ಕೆ ಹೊರಟರು. ಕೈಯಲ್ಲಿ ಇಡ್ಲಿ, ಸ್ಟೀಲ್ ಡಬ್ಬಿಯಲ್ಲಿ ಹಸಿ ಕಾಯಿ ಚಟ್ನಿ. "ಚಟ್ನಿಪುಡಿ ಒಯ್ಯೇ" ಅಂತ ಅಜ್ಜಿ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಸಕಲೇಶಪುರ ದಾಟಿ ಘಟ್ಟ ಇಳಿಯುವಾಗ ಅತ್ತೆ ಮುಚ್ಚಳ ಸಡಿಲಿಸಿದರು. ಟಪ್ ಅಂತ ಹಾರಿತು! ಪಕ್ಕದ ಸೀಟಿನ ಯಜಮಾನರ ಬಿಳಿ ಪಂಚೆ ಮೇಲೆಲ್ಲ ಚಟ್ನಿ. ಆ ಪುಣ್ಯಾತ್ಮರು ಸಿಟ್ಟಾಗಲಿಲ್ಲ. ಬೆರಳಲ್ಲಿ ಒಂದಿಷ್ಟು ತೆಗೆದು ನೆಕ್ಕಿ, "ಖಾರ ಒಂಚೂರು ಜಾಸ್ತಿ ಆಯ್ತಮ್ಮ" ಅಂದರು. ಅತ್ತೆಗೆ ಉರಿದುಹೋಯಿತು. ಹಳಸಿದೆ ಅಂದಿದ್ದರೆ ಒಪ್ಪುತ್ತಿದ್ದರೇನೋ, ಖಾರದ ಮಾತು ಎತ್ತಬಹುದೇ? ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಜಾಸ್ತಿ, ಖಾರ ಕಡಿಮೆ ಅಂತ ದೇವಸ್ಥಾನದ ಬಾಗಿಲ ತನಕ ಅವರಿಗೆ ಪಾಠ. ಮಂಜುನಾಥನ ಮುಂದೆ ಏನು ಬೇಡಿಕೊಂಡರೋ ಗೊತ್ತಿಲ್ಲ. ಈಗಲೂ ಕಾಯಿ ತುರಿಯುವಾಗ ಆ ಪಂಚೆಯವರಿಗೆ ಬೈಗುಳ ಸಲ್ಲುತ್ತದೆ.

ನನ್ನ ಸಿಟ್ಟು ಬೇರೆಯವರ ಮೇಲೆ. ಮಧ್ಯಾಹ್ನವಿಡೀ ಟೇಬಲ್ ಮೇಲೆ ಬಿದ್ದಿದ್ದ ಚಟ್ನಿಯನ್ನು ಸಂಜೆ ಫ್ರಿಜ್ಜಿಗೆ ತಳ್ಳಿ, ರಾತ್ರಿ "ಚೆನ್ನಾಗೇ ಇದೆ, ವಾಸನೆ ಇಲ್ಲ" ಅನ್ನುವವರ ಮೇಲೆ. ಹೊಟ್ಟೆ ಕೆಡಿಸುವ ಎಷ್ಟೋ ಸೂಕ್ಷ್ಮಜೀವಿಗಳಿಗೆ ವಾಸನೆಯೇ ಇರುವುದಿಲ್ಲ. ಕೆಲವು ಬಿಟ್ಟುಹೋಗುವ ವಿಷ ಕುದಿಸಿದರೂ ಹೋಗುವುದಿಲ್ಲ, ಹೊಸ ಒಗ್ಗರಣೆ ಏನು ಮಾಡೀತು? ಇಂಥದ್ದು ಹೊರಗಿರಬಹುದಾದದ್ದು ಹೆಚ್ಚೆಂದರೆ 2 ಗಂಟೆ, ಬಿಸಿಲು 32 ಡಿಗ್ರಿ ದಾಟಿದರೆ 1 ಗಂಟೆ. ಫ್ರಿಜ್ಜಿನ ಒಳಗೂ 4 ಡಿಗ್ರಿಗಿಂತ ಬಿಸಿ ಇರಬಾರದು. ಇದನ್ನೆಲ್ಲ ಹೇಳಿದರೆ, "ಸುಮ್ನೆ ಮೂಸಿ ನೋಡಿ ಅಂದ್ರೆ ಭಾಷಣ ಮಾಡ್ತೀರಿ" ಅನ್ನುತ್ತಾರೆ.

ಮಗಳು ಮಾತ್ರ ಕೇಳಿಸಿಕೊಂಡಳು. "ಅಪ್ಪಾ, ಹಿಟ್ಟು ಹುಳಿ ಬಂದ್ರೆ ಖುಷಿ ಪಡ್ತೀವಿ. ಚಟ್ನಿ ಹುಳಿ ಬಂದ್ರೆ ಯಾಕೆ ಚೆಲ್ತೀವಿ?"

"ಹಿಟ್ಟನ್ನ ಬೇಯಿಸ್ತೀವಲ್ಲ ಮರಿ."

"ಮೊಸರು ಬೇಯಿಸ್ತೀವಾ?"

ದೋಸೆ ಆರುತ್ತೆ, ಮೊದಲು ತಿನ್ನು ಅಂದೆ.