ಊಟ ನಡೀತಾ ಇದೆ

‘ನಿಮಗೇನ್ರೀ, ಆಪರೇಷನ್ ಮಾಡಿಸ್ಕೊಂಡ್ರಿ, ಸಣ್ಣ ಆದ್ರಿ. ಸುಲಭ ಆಯ್ತು.’

ತೂಕ ಇಳಿಸುವ ಆಪರೇಷನ್ ಆದವರಿಗೆ ಜನ ಹೇಳುವ ಮೊದಲ ಮಾತೇ ಇದು. ಹೊಟ್ಟೆ ಸಣ್ಣದಾದರೆ ಊಟದ ಕೆಲಸವೂ ಸಣ್ಣದಾಗುತ್ತದೆ ಅಂತ ಅವರ ಲೆಕ್ಕ. ನನ್ನ ಮಟ್ಟಿಗೆ ಅದೀಗ ಫುಲ್‌ಟೈಮ್ ಕೆಲಸ. ಸಂಬಳ ಇಲ್ಲ, ಭಾನುವಾರದ ರಜೆಯೂ ಇಲ್ಲ.

ನನಗೆ ಆಗಿದ್ದು ಸ್ಲೀವ್ ಅನ್ನುವ ಆಪರೇಷನ್. ಜಠರದ ಮುಕ್ಕಾಲು ಭಾಗಕ್ಕೂ ಜಾಸ್ತಿ ಕತ್ತರಿಸಿ ತೆಗೆದು, ಒಂದು ಸಪೂರ ಕೊಳವೆಯಷ್ಟು ಮಾತ್ರ ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲೇ. ಜಪಾನಿನ ವಿಜ್ಞಾನಿಗಳು ಅದನ್ನು ಕಂಡುಹಿಡಿದಿದ್ದು 1999ರಲ್ಲಿ. ಅಲ್ಲಿಯವರೆಗೂ, ಆಮೇಲೂ, ನಮ್ಮ ಮನೆಯಲ್ಲಿ ಅದಕ್ಕೆ ನನ್ನ ‘ಹೊಟ್ಟೆಬಾಕತನ’ ಎಂದೇ ಹೆಸರಿತ್ತು. ಈಗ ಹಸಿವು ಹೋಗಿದೆ. ಬಾಯಿ ಚಪಲ ಹೋಗಿಲ್ಲ. ಅದು ಯಾವ ಭಾಗದಲ್ಲಿ ತಯಾರಾಗುತ್ತದೆ ಅಂತ ಡಾಕ್ಟರನ್ನು ಕೇಳಿದೆ. ನಕ್ಕು ಮುಂದಿನ ಪೇಷೆಂಟ್‌ನ ಕರೆದರು.

ಮೊದಲ ವಾರಗಳಲ್ಲಿ ಬರೀ ನೀರು ಪದಾರ್ಥ. ತಿಳಿಸಾರು, ಬೇಳೆಕಟ್ಟು, ನೀರು ಮಜ್ಜಿಗೆ. ಅದೂ ಒಂದು ಸಲಕ್ಕೆ 30 ಎಂ.ಎಲ್. ಮಾತ್ರ. ನಮ್ಮ ಮನೆಯಲ್ಲಿ ಅಷ್ಟು ಸಣ್ಣ ಪಾತ್ರೆಯೇ ಇರಲಿಲ್ಲ, ಹಿಂದಿನ ತೂಕಕ್ಕೆ ಅದೂ ಒಂದು ಸಾಕ್ಷಿ. ಆರೈಕೆಗೆಂದು ತುಮಕೂರಿನಿಂದ ಬಂದಿದ್ದ ಅಮ್ಮ ತನ್ನ ಚೀಲದಿಂದ ಬೆಳ್ಳಿ ಒಳಲೆ ತೆಗೆದಳು. ನನ್ನ ಮಗನಿಗೆ ಹಾಲು ಕುಡಿಸಿದ್ದ ಒಳಲೆ, ಅಂಚಿನಲ್ಲಿ ಅವನು ಕಚ್ಚಿದ ಗುರುತು ಇನ್ನೂ ಇದೆ. ಆ ಮಗ ಈಗ ಮೀಸೆ ಬಂದ ಕಾಲೇಜು ಹುಡುಗ. ಅವನೆದುರಿಗೇ ನಾನು ಸೋಫಾದ ಮೇಲೆ ಕೂತು ಒಳಲೆಯಲ್ಲಿ ಸಾರು ಕುಡಿದೆ. ಅವನು ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ. ‘ಮಗು ಮುದ್ದಾಗಿದೆ’ ಅಂತ ನನ್ನ ತಮ್ಮನ ಕಾಮೆಂಟು.

ಗಟ್ಟಿ ಆಹಾರ ಶುರುವಾದ ಮೇಲೆ ಬಂತು ಟೈಮ್‌ಟೇಬಲ್ಲು. ಊಟಕ್ಕೆ ಅರ್ಧ ಗಂಟೆ ಮುಂಚೆಯೇ ನೀರು ಬಂದ್. ಊಟದ ಜೊತೆ ನೀರಿಲ್ಲ, ಊಟವಾಗಿ ಅರ್ಧ ಗಂಟೆಯೂ ಇಲ್ಲ. ಆದರೆ ದಿನಕ್ಕೆ ಒಂದೂವರೆ ಎರಡು ಲೀಟರ್ ಒಳಗೆ ಹೋಗಲೇಬೇಕು, ಗುಟುಕು ಗುಟುಕಾಗಿ. ಪ್ರತಿ ತುತ್ತನ್ನೂ 20-30 ಸಲ ಅಗಿಯಬೇಕು. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣದ ಮಾತ್ರೆಗೂ ಎರಡು ಗಂಟೆ ಅಂತರ ಇರಬೇಕು. ಕಬ್ಬಿಣಕ್ಕೂ ಕಾಫಿಗೂ ಆಗಿಬರೋದಿಲ್ಲ. ತಿಂದ ಕೂಡಲೇ ನಡೆದರೆ ಹೊಟ್ಟೆ ತೊಳೆಸುತ್ತದೆ, ತಿನ್ನದೆ ನಡೆದರೆ ಕಣ್ಣು ಕತ್ತಲೆ ಬರುತ್ತದೆ. ನಮ್ಮನೆಯವರು ಇದನ್ನೆಲ್ಲ ಒಂದು ಹಾಳೆಯಲ್ಲಿ ಗೆರೆ ಹಾಕಿ ಬರೆದು ಫ್ರಿಜ್ಜಿಗೆ ಅಂಟಿಸಿದರು. ತುಂಬಾ ಅಚ್ಚುಕಟ್ಟಾಗಿತ್ತು. ನಾನು ಆಫೀಸಿಗೆ ಹೋಗುವುದನ್ನೊಂದು ಸೇರಿಸಲು ಜಾಗ ಇರಲಿಲ್ಲ.

ಊರಿಗೆ ವಾಪಸ್ ಹೋದ ಅಮ್ಮ ಬೆಳಗ್ಗೆ ಫೋನ್ ಮಾಡುತ್ತಾಳೆ. ‘ತಿಂಡಿ ಆಯ್ತಾ?’

‘ನಡೀತಾ ಇದೆ.’

ಮುಕ್ಕಾಲು ಗಂಟೆ ಬಿಟ್ಟು, ಪೂಜೆ ಮುಗಿಸಿ, ಮತ್ತೆ ಮಾಡುತ್ತಾಳೆ. ‘ಈಗ?’

‘ಇನ್ನೂ ನಡೀತಾ ಇದೆ.’

‘ಒಂದು ಇಡ್ಲಿಗೆ ಇಷ್ಟು ಹೊತ್ತೇನೇ? ಇಡ್ಲಿ ಹಿಟ್ಟೇ ಅಷ್ಟರೊಳಗೆ ಉಬ್ಬುತ್ತೆ.’

ಇಡ್ಲಿ ಅಂದಾಗ ನೆನಪಾಯಿತು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು ಅಂದರು ಡಯಟಿಷಿಯನ್. ಒಂದು ಇಡ್ಲಿಯಲ್ಲಿ ಇರೋದು ಸುಮಾರು 2 ಗ್ರಾಂ. ಅಂದರೆ 30 ಇಡ್ಲಿ. ಹಳೆಯ ಹೊಟ್ಟೆ ಇದ್ದಾಗ ಈ ಮಾತು ಹೇಳಿದ್ದರೆ ಮನಸ್ಸಿಟ್ಟು ಪ್ರಯತ್ನ ಮಾಡಬಹುದಿತ್ತು. ಈಗ ಪನೀರು, ಸೋಯಾ, ಹೆಸರುಕಾಳು, ಮೇಲೊಂದು ಪ್ರೊಟೀನ್ ಪುಡಿ. ಆ ಪುಡಿಯ ಡಬ್ಬಿಯ ಮೇಲೆ ‘ಚಾಕೊಲೇಟ್ ರುಚಿ’ ಅಂತ ಬರೆದಿದೆ. ಬರೆದವರು ಚಾಕೊಲೇಟ್ ತಿಂದ ಹಾಗಿಲ್ಲ.

ನಡಿಗೆಗೆ ಲಾಲ್‌ಬಾಗ್. ಆಪರೇಷನ್ನಾದ ಮೇಲೆ ಮೊದಲ ಸಲ ಕೆಂಪೇಗೌಡ ಗೋಪುರದ ಬಂಡೆ ಹತ್ತುವಾಗ ಅರ್ಧದಲ್ಲೇ ಉಸಿರು ಸಿಕ್ಕಿಹಾಕಿಕೊಂಡಿತು. ನಮ್ಮನೆಯವರು ಕೈ ಹಿಡಿದು, ‘ಇದಕ್ಕೆ 300 ಕೋಟಿ ವರ್ಷ ವಯಸ್ಸಂತೆ, ಎಲ್ಲೂ ಓಡಿಹೋಗಲ್ಲ, ನಿಧಾನವಾಗಿ ಹತ್ತು’ ಅಂದರು. ಅವರಿಗೂ ಏದುಸಿರು ಬರುತ್ತಿತ್ತು, ಅದಕ್ಕೇ ಈ ಭೂಗರ್ಭಶಾಸ್ತ್ರ.

ಈಗ ವಾಕಿಂಗ್ ತಂಡವೂ ಇದೆ. ನಮ್ಮ ಬೆಂಗಳೂರಿನ ವಾಕಿಂಗ್ ತಂಡಗಳ ವಿಷಯ ಗೊತ್ತಲ್ವಾ? ನಡಿಗೆ ನೆಪ, ಗುರಿ ಗಾಂಧಿಬಜಾರು. ಶನಿವಾರ ಎಲ್ಲರೂ ವಿದ್ಯಾರ್ಥಿ ಭವನದ ಮುಂದೆ ಸರದಿಯಲ್ಲಿ ನಿಲ್ಲುತ್ತೇವೆ. ಅದು 1943ರಿಂದ ಇರುವ ಹೋಟೆಲು, ನನ್ನ ನಿಯಮಗಳಿಗಿಂತ ಹಿರಿಯದು, ಗೌರವ ಕೊಡಬೇಕು. ಸರ್ವರ್ ತೋಳಿನ ತುಂಬಾ ದೋಸೆ ತಟ್ಟೆ ಜೋಡಿಸಿಕೊಂಡು ಬರುವುದನ್ನು ನೋಡಿದರೇ ನನ್ನ ಹೊಟ್ಟೆ ಅರ್ಧ ತುಂಬುತ್ತದೆ. ಉಳಿದರ್ಧಕ್ಕೆ ಗರಿಗರಿ ಅಂಚು ಮುರಿದು, ಒಂದು ಚೂರು ಪಲ್ಯ. ಅಲ್ಲಿಗೆ ಮುಗಿಯಿತು. ಮುಕ್ಕಾಲು ದೋಸೆ ತಟ್ಟೆಯಲ್ಲೇ. ಮೊದಮೊದಲು ಗೆಳತಿಯರು ‘ಅಯ್ಯೋ ಪಾಪ’ ಅನ್ನುತ್ತಿದ್ದರು. ಈಗ ನನ್ನ ಪಕ್ಕದ ಕುರ್ಚಿಗೆ ಜಗಳ ನಡೆಯುತ್ತದೆ. ಒಬ್ಬಾಕೆ ತನಗೆಂದು ಆರ್ಡರ್ ಮಾಡುವುದನ್ನೇ ನಿಲ್ಲಿಸಿದ್ದಾಳೆ. ನಾನು ಇಳಿಸಿದ ಕಿಲೋಗಳು ಎಲ್ಲೂ ಹೋಗಿಲ್ಲ, ಆ ಟೇಬಲ್ಲಿನ ಸುತ್ತಲೇ ಹಂಚಿಹೋಗಿವೆ.

ಹೋಟೆಲಿನಲ್ಲಾದರೆ ಬಿಟ್ಟು ಏಳಬಹುದು, ಪಂಕ್ತಿ ಊಟದಲ್ಲಿ ಹಾಗಾಗುವುದಿಲ್ಲ. ನನ್ನ ಹೊಸ ಹೊಟ್ಟೆಗೆ ಒಂದು ಗುಣ ಇದೆ. ತುಂಬಿದ ಮೇಲೆ ಒಂದೇ ಒಂದು ತುತ್ತು ಹೆಚ್ಚಾದರೂ ಬಿಕ್ಕಳಿಕೆ ಬರುತ್ತದೆ, ಮೂಗು ಸುರಿಯುತ್ತದೆ, ಕಣ್ಣಲ್ಲಿ ನೀರು ಇಳಿಯುತ್ತದೆ. ದೂರದ ಸಂಬಂಧದ ದೊಡ್ಡಪ್ಪ ಒಬ್ಬರು ತೀರಿಕೊಂಡರು. ಅವರನ್ನು ನಾನು ಸರಿಯಾಗಿ ಕಂಡಿದ್ದೂ ಇಲ್ಲ. ವೈಕುಂಠ ಸಮಾರಾಧನೆಯ ದಿನ ವಡೆ ಚೆನ್ನಾಗಿತ್ತು. ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡೆ ನೋಡಿ, ಕಣ್ಣು ಮೂಗು ಒಟ್ಟಿಗೇ ಶುರುವಾದವು. ಪಕ್ಕದಲ್ಲಿದ್ದ ಅತ್ತೆಯೊಬ್ಬರು ಎಡಗೈಯಲ್ಲಿ ಬೆನ್ನು ಸವರಿದರು. ‘ಅಳಬೇಡಮ್ಮ. ತುಂಬು ಬಾಳು ಬಾಳಿ ಹೋದ್ರು. ತಗೋ, ಇನ್ನೊಂದು ವಡೆ ಹಾಕಿಸ್ಕೋ, ಅವರಿಗೆ ಪ್ರಾಣ.’ ಬಿಕ್ಕಳಿಕೆಯ ಮಧ್ಯೆ ನನಗೆ ಬೇಡ ಅನ್ನಲೂ ಆಗಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪನ ಸ್ವಂತ ಮಗಳೇ ಬಂದು ನನ್ನನ್ನು ಸಮಾಧಾನ ಮಾಡಿದಳು. ಅವಳ ಕಣ್ಣು ಒಣಗಿತ್ತು. ಅವತ್ತಿನಿಂದ ಆ ಕಡೆಯವರಿಗೆ ನಾನೆಂದರೆ ವಿಪರೀತ ಪ್ರೀತಿ. ಮೊನ್ನೆ ಅವರ ಮನೆ ಮದುವೆಗೆ ಮೊದಲ ಕರೆ ನನಗೇ ಬಂತು.

ಹೋದೆ. ‘ಯಾಕಮ್ಮ ಇಷ್ಟೊಂದು ಇಳಿದುಹೋಗಿದ್ದೀಯ, ಮುಖದಲ್ಲಿ ಕಳೆನೇ ಇಲ್ಲ’ ಎಂಬ ಸ್ವಾಗತ. ಇಷ್ಟು ವರ್ಷ ‘ಸ್ವಲ್ಪ ಇಳಿಸಮ್ಮ’ ಅಂದವರೂ ಇವರೇ. ಊಟಕ್ಕೆ ಕೂತಾಗ ಹುಡುಗಿಯ ತಂದೆ ಕೈಮುಗಿದು, ‘ಸಾವಕಾಶವಾಗಿ ಊಟ ಮಾಡಿ’ ಅಂದರು. ಇಡೀ ಛತ್ರದಲ್ಲಿ ಆ ಮಾತನ್ನು ಪಾಲಿಸಿದವಳು ನಾನೊಬ್ಬಳೇ. ಮುಂದಿನ ಪಂಕ್ತಿಯವರು ಆಗಲೇ ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಅವರ ಉಸಿರು ನನ್ನ ಕುತ್ತಿಗೆಗೆ ತಾಕುತ್ತಿತ್ತು. ನಾನು ಬಡಿಸುವವನನ್ನು ಕರೆದು ಮತ್ತೆ ಕೋಸಂಬರಿ ಕೇಳಿದೆ, ಪ್ರೊಟೀನ್ ಅಲ್ವಾ. ಎರಡನೇ ಸಲ ಕೋಸಂಬರಿ ಕೇಳಿದವರನ್ನು ಅವನು ನೋಡಿಯೇ ಇರಲಿಲ್ಲ ಅನ್ನಿಸುತ್ತದೆ. ಬಕೆಟ್ ಹುಡುಕಿಕೊಂಡು ಅಡುಗೆಮನೆಗೆ ಹೋದವನು, ಬರುವಾಗ ಉಪಚಾರಕ್ಕೆಂದು ಹೋಳಿಗೆಯನ್ನೂ ತಂದು ಎಲೆಗೆ ಹಾಕಿಬಿಟ್ಟ.

ಬಿಸಿ ಹೋಳಿಗೆ. ಅರ್ಧ ತಿಂದೆ.

ಸಣ್ಣ ಜಠರದಲ್ಲಿ ಸಿಹಿ ನಿಲ್ಲುವುದಿಲ್ಲ, ಅವಸರವಾಗಿ ಸಣ್ಣ ಕರುಳಿಗೆ ಇಳಿದು ಅಲ್ಲಿಗೆ ಮೈಯ ನೀರನ್ನು ಎಳೆದುಕೊಳ್ಳುತ್ತದೆ. ಎದೆ ಡವಡವ, ಮೈಯೆಲ್ಲ ಬೆವರು, ತಲೆ ಗಿರ್ರ್. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ತೂಕ ಇಳಿಸಲೆಂದೇ ಮಾಡುವ ಜಠರದ ಬೈಪಾಸ್ ಆಪರೇಷನ್ (ಹೃದಯದ್ದಲ್ಲ) ಆದವರಿಗೆ ಇದು ಜಾಸ್ತಿ, ಸ್ಲೀವಿನವರನ್ನೂ ಪೂರ್ತಿ ಬಿಡುವುದಿಲ್ಲ. ಮದುಮಗಳ ಕೋಣೆಯಲ್ಲಿ, ಬಿಚ್ಚಿಟ್ಟ ಸೀರೆಗಳ ರಾಶಿಯ ಪಕ್ಕ, ಫ್ಯಾನಿನ ಕೆಳಗೆ ಮಲಗಿದೆ. ಕೈಯ ವಾಚು ಮಾತ್ರ ಶ್ರದ್ಧೆಯಿಂದ ನನ್ನ ಎದೆಬಡಿತ ಬರೆದುಕೊಳ್ಳುತ್ತಿತ್ತು.

ಅದನ್ನು ಮರುದಿನ ಜಿಮ್ಮಿನ ಹುಡುಗ ನೋಡಿದ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದಕ್ಕೇ ಡಾಕ್ಟರು ಭಾರ ಎತ್ತಲು ಹೇಳಿದ್ದಾರೆ. ಹುಡುಗ ಧಾರವಾಡದ ಕಡೆಯವನು. ಮೊಬೈಲಿನಲ್ಲಿ ಗ್ರಾಫ್ ನೋಡಿ ಹುಬ್ಬು ಗಂಟಿಕ್ಕಿದ.

‘ಮೇಡಂ, ನಿನ್ನೆ ಮಧ್ಯಾಹ್ನ ಎಲ್ಲಿ ಕಾರ್ಡಿಯೋ ಮಾಡೀರಿ? ನಮ್ಮ ಜಿಮ್ ಬಿಟ್ಟು ಬ್ಯಾರೆ ಕಡೆ ಹೊಂಟೀರೇನು?’

‘ಇಲ್ಲಪ್ಪ. ಹೋಳಿಗೆ ತಿಂದೆ.’

‘ಎಷ್ಟು?’

‘ಅರ್ಧ.’

‘ಅರ್ಧಕ್ಕ ಇಷ್ಟಾ? ಪೂರಾ ತಿಂದಿದ್ರ ಮ್ಯಾರಥಾನ್ ಆಗ್ತಿತ್ತು ಬಿಡ್ರಿ.’ ಸ್ವಲ್ಪ ಹೊತ್ತು ಯೋಚಿಸಿ, ದನಿ ತಗ್ಗಿಸಿ ಕೇಳಿದ, ‘ಹಾಲೋ, ತುಪ್ಪಾನೋ?’

‘ಎರಡೂ.’

ನನ್ನ ಕೈಯಲ್ಲಿದ್ದ ಎರಡೂವರೆ ಕೆಜಿ ಡಂಬೆಲ್ ಇಸಿದುಕೊಂಡು ಐದು ಕೆಜಿಯದನ್ನು ತಂದುಕೊಟ್ಟ.